ಯಾವ ವಾದ್ಯ ಹೇಳ್ರಿ, ಮಾಸ್ತರ್ರ

ಹಿಂತಾವೆಲ್ಲಾ ನನ್ನ ಪಾಲಿಗೇ ಯಾಕ ಬರ್ತಾವೋ ಆ ಬಸವಣ್ಣಗ ಗೊತ್ತು. ನಾ ಗೋಕಾಕದಾಗ ತಬಲಾ ಕಲಿಸೋ ಮಾಸ್ತರ. ನಾ ಕಲಿಸಿದ್ದಕ್ಕಿಂತ ನನ್ನ ಕಿವೀದ ಸುದ್ದೀನ ಹೆಚ್ಚ ಹಬ್ಬೇತಿ. ಕಣ್ಣ ಮುಚ್ಚಿ ಸಪ್ಪಳ ಕೇಳಿದ್ರ ಸಾಕು, ಯಾವ ವಾದ್ಯ, ಎಂಥಾ ತೊಗಲು, ಎಲ್ಲಿ ಸಡ್ಲ ಆಗೇತಿ, ಎಲ್ಲಾ ಹೇಳ್ತಾರ ಅಂತ ಮಂದಿ ಅಂತಾರ. ಮಂದಿ ಏನ ಬಂತು, ನಾನೂ ಹಂಗ ಹೇಳ್ಕೋತ ತಿರಗೇನಿ. ಇದ ಕಿವಿಯಿಂದ ಹೋದ ವರ್ಷ ನನ್ನ ಮಗಳ ಲಗ್ನ ಮುರದ ಬೀಳೋದಿತ್ತು. ಆದ್ರ ಅದಕ್ಕೂ ಮೊದಲ ಈ ಕಿವಿ ಎಂಥಾದ್ದು ಅನ್ನೋದು ನಿಮಗ ಗೊತ್ತಾಗಬೇಕು.

ಮಸಗುಪ್ಪಿ ಸಂಬಾಳ

ಮಸಗುಪ್ಪಿಯೊಳಗ ನನ್ನ ಹಳೇ ಶಿಷ್ಯಾ ಒಬ್ಬ ಅದಾನ. ತಬಲಾ ಬಿಟ್ಟು ಎಮ್ಮಿ ಕಟ್ಯಾನ. ಒಂದಿನ ಮುಂಜಾನೆ ವಾಟ್ಸಾಪಿನ್ಯಾಗ ಒಂದ ಸಪ್ಪಳ ಕಳಿಸಿ, ಬೆನ್ನಿಗೇ ಫೋನ್ ಹಚ್ಚಿದ.

"ಮಾಸ್ತರ್ರ, ಕೇಳಿದ್ರೇನ್ರಿ? ಏನಂತೀರಿ?"

ಕೇಳಿದ್ನಿ. ಒಂದ ಕಡೆ ಟಕ್ ಟಕ್ ಅಂತ ಎತ್ತರದ ಪೆಟ್ಟು, ಇನ್ನೊಂದ ಕಡೆ ಘರ್ರ್ ಅಂತ ಎಳದಂಗ. ನನಗ ಭಾಳ ಖುಷಿ ಆತು.

"ಸಂಬಾಳೋ ಇದು! ಗೋಂದಲಿಗರು ಸೊಂಟಕ್ಕ ಕಟಗೊಂಡು ಬಾರಸೋ ಜೋಡಿ ವಾದ್ಯ. ಒಂದನ್ನ ಕೋಲಿಂದ ಹೊಡೀತಾರ, ಇನ್ನೊಂದನ್ನ ಕೋಲಿಂದ ತಿಕ್ಕತಾರ. ಈಗೀಗ ಕೇಳಾಕ ಸಿಗೋದ ಕಡಿಮಿ. ಆದ್ರ ಇದರ ಎಡಗಡೀದು ಸಡ್ಲ ಆಗೇತಿ ನೋಡು, ಅದನ್ನಟು ಬಿಗಿ ಮಾಡಾಕ ಹೇಳು."

"ಅಟ ಮಾಡಿದ್ರ ಸಾಕೇನ್ರಿ?"

"ಅಟ ಸಾಕು."

ಸಂಜಿಕ ಮತ್ತ ಫೋನ್ ಬಂತು. "ಮಾಸ್ತರ್ರ, ನಿಮ್ಮ ಕಿವಿಗೆ ಶರಣ್ರಿ! ಎಡಗಡಿ ಬೆಲ್ಟ್ ಬಿಗಿ ಮಾಡಿದ್ನಿ. ಈಗ ಮೇವು ಕತ್ತರಸೋ ಮಶೀನು ಬೇಷ್ ನಡದೈತಿ!"

ಮಮದಾಪುರದ ಜ್ವಾಳ

ನಾ ಬರೇ ತಪ್ಪ ಹೇಳ್ತೇನಿ ಅಂತ ತಿಳ್ಕೋಬ್ಯಾಡ್ರಿ. ಮಮದಾಪುರದಾಗ ಸರಿಯಾಗೇ ಹೇಳಿದ್ನಿ. ಅಲ್ಲಿ ಅದಕ್ಕಿಂತ ಫಜೀತಿ ಆತು.

ಪರಿಚಯದ ಮನಿಯೊಂದರ ಪಡಸಾಲ್ಯಾಗ ಕುಂತು ಚಹಾ ಕುಡ್ಯಾಕತ್ತಿದ್ನಿ. ಒಳಗ ಮನಿ ಯಜಮಾನತಿ ಕಟಗೀದೊಂದ ಡಬ್ಬಿಲೆ ಜ್ವಾಳ ಅಳೀತಿದ್ಳು. ಪ್ರತಿಸಲ ಡಬ್ಬಿ ಬೋರಲ ಹಾಕಿ ತಳಕ್ಕ ಬಡದಾಗ ಟುಂಯ್ ಅಂತಿತ್ತು. ನನ್ನ ಕಿವಿ ನೆಟ್ಟಗಾದ್ವು. ಚಹಾ ಅಲ್ಲೇ ಇಟ್ಟು ಒಳಗ ಓಡಿದ್ನಿ. ನೋಡ್ತೇನಿ, ತಳಕ್ಕ ತೊಗಲು, ನಟ್ಟನಡುವ ಒಂದ ತೂತು, ಅದಕ್ಕ ಮೇಣ ಹಚ್ಚಿ ಮುಚ್ಯಾರ. ಬಾಜೂಕ ಕೋಲು ಜಡದಿದ್ದ ಮೊಳಿ ಗುರ್ತು.

"ಯವ್ವಾ, ಇದು ಜ್ವಾಳ ಅಳಿಯೋ ಸೇರಲ್ಲ! ಚೌಡಕಿ! ಈ ತೂತಿನ್ಯಾಗಿಂದ ತಂತಿ ಹಾಕಿ ಕೋಲಿಗೆ ಕಟ್ಟಿ ಮೀಟತಾರ. ಎಲ್ಲಮ್ಮನ ಹಾಡ ಹೇಳೋರ ವಾದ್ಯ ಇದು!"

ಆಕಿ ಗಪ್ಪನ ಡಬ್ಬಿ ಕೆಳಗಿಟ್ಟು ಗಲ್ಲ ಗಲ್ಲ ಬಡಕೊಂಡ್ಳು. ಅರಿಷಿಣ, ಕುಂಕುಮ ಬಂತು. ಮನಿ ಮಂದೆಲ್ಲಾ ಕೈ ಮುಗದು ಅದನ್ನ ದೇವರ ಮಾಡದಾಗ ಇಟ್ಟರು. ನನಗ ಎದಿ ಉಬ್ಬಿ ಬಂತು. ಹೊಂಟ ನಿಂತಾಗ ಆಕಿ ಬಾಗಲಾಗ ಅಡ್ಡ ನಿಂತ್ಳು.

"ಮಾಸ್ತರ್ರ, ಮತ್ತ ನಾವ ಜ್ವಾಳ ಎದರ್ಲೆ ಅಳೀಬೇಕ್ರಿ?"

ಆಕಿ ನನ್ನ ಚೀಲದಾಗ ಹಣಿಕಿ ಹಾಕಿದ್ಳು. ಅವತ್ತಿನಿಂದ ಮಮದಾಪುರದಾಗ ಜ್ವಾಳ ಅಳ್ಯಾಕತ್ತಿದ್ದು ನನ್ನ ಊಟದ ಡಬ್ಬಿ. ಮನ್ಯಾಗ ನನ್ನ ಹೆಂಡತಿ ಬೈದಿದ್ದನ್ನ ಇಲ್ಲಿ ಬರ್ಯಾಕ ಬರಂಗಿಲ್ಲ.

ಮೂಡಲಗಿ ಪರೀಕ್ಷಾ

ಮೂಡಲಗಿಯೊಳಗ ಒಂದ ಭಜನಿ ಮಂಡಳಿಯವರು ಪಂಥ ಕಟ್ಟಿ ನನ್ನ ಕಣ್ಣಿಗೆ ಟವೆಲ್ ಕಟ್ಟಿದ್ರು. ಒಂದೊಂದ ಬಾರಸ್ಕೋತ ಹೋದ್ರು. ಡಗ್ಗಾ ಅಂದ್ನಿ, ಹೌದಂದ್ರು. ಹಲಗಿ ಅಂದ್ನಿ, ಹೌದಂದ್ರು. ಡೊಳ್ಳೂ ಹೇಳಿದ್ನಿ. ಕಡೀಕ ಧಪ್ ಧಪ್ ಅಂತ ಮೆತ್ತಗ ಒಂದ ಸಪ್ಪಳ ಬಂತು.

"ಇದು ಪಖವಾಜ," ಅಂದ್ನಿ. "ಆದ್ರ ಭಾಳ ಹಳೇದು. ತೊಗಲು ಜೋತು ಬಿದ್ದೈತಿ. ಒಳಗ ಗಾಳಿ ತುಂಬೇತಿ. ಇನ್ನ ದುರಸ್ತಿ ಆಗೋ ಮಾಲಲ್ಲ."

ಎಲ್ಲಾರೂ ಹೋ ಅಂತ ನಕ್ಕರು. ಟವೆಲ್ ಬಿಚ್ಚಿ ನೋಡಿದ್ರ ಮಂಡಳಿಯ ಹಿರಿಯಾರು ಅಂಗಿ ಮ್ಯಾಲೆತ್ತಿ ಕುಂತಾರ, ಕೈ ಇನ್ನೂ ಹೊಟ್ಟಿ ಮ್ಯಾಲೇ ಐತಿ. ಅವರೊಬ್ಬರ ನಕ್ಕಿಲ್ಲ.

ಹುಕ್ಕೇರಿ ಬೀಗರು

ಈಗ ಮಗಳ ವಿಷಯ. ಆಕಿ ಗೋಕಾಕದಾಗ ಕಾಲೇಜಿನ್ಯಾಗ ಪಾಠ ಹೇಳ್ತಾಳ. ಹುಡುಗ ಹುಕ್ಕೇರಿಯಾಂವ, ಅವನೂ ಮಾಸ್ತರನ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ರು. ನಾವು ಮನಿ ನೋಡಿ ಹ್ಞೂಂ ಅನ್ನೋದೊಂದ ಬಾಕಿ ಇತ್ತು. ಹೊಂಡೂಮುಂದ ಮಗಳು ನನ್ನ ಕೈ ಹಿಡದು, "ಅಪ್ಪಾ, ಅಲ್ಲಿ ವಾದ್ಯದ ಸುದ್ದಿ ತಗೀಬ್ಯಾಡ" ಅಂದ್ಳು. ಹೆಂಡತಿ ಬಸ್ಸಿನ್ಯಾಗ ಹುಕ್ಕೇರಿ ಮುಟ್ಟೋತನಕ ಅದನ್ನ ಹೇಳಿದ್ಳು: "ಏನರ ಸಪ್ಪಳಾದ್ರ ಕೇಳಿಸೇ ಇಲ್ಲ ಅನ್ನೋರಂಗ ಕುಂಡ್ರಿ."

ಕುಂತ್ನಿ. ನಾವು ಒಯ್ದಿದ್ದ ಕರದಂಟು ಒಳಗ ಹೋತು, ಅವಲಕ್ಕಿ ಹೊರಗ ಬಂತು. ಎಲ್ಲಾ ಚಂದ ನಡದಿತ್ತು. ಅಷ್ಟರಾಗ ಹುಡುಗನ ಸೋದರಮಾವ ಒಳಗ ಬಂದ್ರು. ನೋಡಿದ್ರ ಮೂಡಲಗಿ ಭಜನಿ ಮಂಡಳಿಯ ಅದ ಹೊಟ್ಟಿ! ಎಪ್ಪಾ, ನಾ ಅವಲಕ್ಕಿ ತಾಟು ಮುಖಕ್ಕ ಅಡ್ಡ ಹಿಡದ್ನಿ.

"ಇವರನ್ನ ನಾ ಬಲ್ಲೆ," ಅಂದ್ರು ಸೋದರಮಾವ, ಹೊಟ್ಟಿ ಮ್ಯಾಲ ಕೈ ಇಟಗೊಂಡು. "ಭಾರೀ ಕಿವಿ. ಭಾವಾ, ಆ ಮುತ್ಯಾನ ವಾದ್ಯಾ ತರ್ರಲ್ಲಾ, ಇವರು ಹೇಳ್ತಾರ."

ಹುಡುಗನ ಅಪ್ಪ ದೇವರ ಕೋಣಿಯಿಂದ ಕೆಂಪು ವಸ್ತ್ರದಾಗ ಸುತ್ತಿದ್ದೊಂದ ತಂದು ನನ್ನ ತೊಡಿ ಮ್ಯಾಲ ಇಟ್ಟರು. "ನಮ್ಮ ಅಪ್ಪಾರು ನಲವತ್ತ ವರ್ಷ ಇದನ್ನ ಭಜನ್ಯಾಗ ಬಾರಿಸ್ಯಾರ್ರಿ. ಹೆಸರ ಹೇಳದ ಹೋಗಿಬಿಟ್ರು. ವರ್ಷಾ ದಸರಾದಾಗ ಖಂಡೇ ಪೂಜಿಗೆ ಕಾಯಿ ಒಡೀತೇವಿ. ಎಟೋ ಮಂದಿ ನೋಡ್ಯಾರ, ಒಬ್ಬರಿಗೂ ಗುರ್ತು ಸಿಕ್ಕಿಲ್ಲ. ಇದನ್ನ ಹೇಳಿದವರ ನಮ್ಮ ಬೀಗರು ನೋಡ್ರಿ."

ನಕ್ಕೋತ ಅಂದ್ರು ಖರೆ, ಆದ್ರ ಕಣ್ಣ ನಗ್ತಿದ್ದಿಲ್ಲ.

ವಸ್ತ್ರ ಬಿಚ್ಚಿದ್ನಿ. ಗುಂಡನ್ನ ಕಟಗಿ ಚೌಕಟ್ಟು, ಒಂದ ಕಡೆ ತೊಗಲು. ಮೊದಲ ದಪ್ಪು ಅನ್ನೋ ವಾದ್ಯ ಅನಿಸ್ತು. ಆದ್ರ ದಪ್ಪಿನ ಅಂಚಿಗೆ ಇಷ್ಟು ಒತ್ತೊತ್ತಾಗಿ ಸಣ್ಣ ಮೊಳಿ ಯಾಕ? ಬೆರಳಿಂದ ಒಂದ ಪೆಟ್ಟು ಹಾಕಿದ್ನಿ. ಧಂ ಅಂತು, ಅದರ ಬೆನ್ನಿಗೇ ಒಳಗ ಸರ್ರ್ ಅಂತು. ತೊಗಲಿನ ಸಂದಿಯೊಳಗ ಹರಕ ತಂತಿ ಜಾಳಗಿ! ಇನ್ನೊಂದ ಪೆಟ್ಟಿಗೆ ನನ್ನ ಪ್ಯಾಂಟ್ ಮ್ಯಾಲ ಬೆಳ್ಳಗ ಪುಡಿ ಉದರ್ತು. ಮೂಸಿ ನೋಡಿದ್ನಿ. ಜ್ವಾಳದ ಹಿಟ್ಟು.

ಹಿಟ್ಟು ಸೋಸೋ ಸಾಣಿಗಿ. ಇವರು ಇಷ್ಟ ವರ್ಷ ಕಾಯಿ ಒಡದಿದ್ದು ಸಾಣಿಗಿಗೆ.

"ಅದು ಪೂಜಾದ ವಿಭೂತಿ ಇರಬೇಕ್ರಿ," ಅಂತ ಹುಡುಗನ ಅಪ್ಪ ಬಗ್ಗಿ ಆ ಪುಡಿ ತಗೊಂಡು ಹಣಿಗೆ ಹಚಗೊಂಡ್ರು.

ಖರೇ ಹೇಳಿದ್ರ ಇವರ ಮಾನ ಹೋಗ್ತೈತಿ, ಮಗಳ ಲಗ್ನಾನೂ ಹೋಗ್ತೈತಿ. ಗೊತ್ತಿಲ್ಲ ಅಂದ್ರೂ ಲಗ್ನ ಹೋಗ್ತೈತಿ, ಮ್ಯಾಲ ಆ ಸೋದರಮಾವ ಊರೂರ ಡಂಗುರ ಹೊಡೀತಾನ. ಬಾಜೂಕ ಹೆಂಡತಿ ನನ್ನ ತೊಡಿ ಚೂಟಿದ್ಳು. ನನಗ ಮಗಳ ಮುಖಾನ ಕಣ್ಣ ಮುಂದ ಬಂತು. ಹಾಳಾಗಿ ಹೋಗ್ಲಿ ಈ ಕಿವಿ ಅಂದಕೊಂಡ್ನಿ.

"ಇದು ಚಂದ್ರದಪ್ಪು ಅಂತ್ರಿ," ಅಂದ್ನಿ. "ಭಾಳ ಅಪರೂಪ. ಜಿಲ್ಲಾದಾಗ ಇದೊಂದ ಉಳದೈತಿ ಕಾಣ್ತೈತಿ. ಒಳಗ ಸರ್ರ್ ಅಂತೈತಲ್ರಿ, ಅದನ್ನ ಮಾಡಾಕ ಈಗ ಯಾರಿಗೂ ಬರಂಗಿಲ್ಲ."

ಹುಡುಗನ ಅಪ್ಪನ ಕಣ್ಣಾಗ ನೀರ ಬಂತು. "ಚಂದ್ರದಪ್ಪು..." ಅಂತ ಅದನ್ನ ಎದಿಗೆ ಒತಗೊಂಡ್ರು. ಸೋದರಮಾವನ ಕೈ ಹೊಟ್ಟಿ ಬಿಟ್ಟು ಕೆಳಗಿಳೀತು.

ಅಷ್ಟರಾಗ ಮೂಲ್ಯಾಗ ಕಂಬಳಿ ಹೊದ್ದು ಕುಂತಿದ್ದ ಹುಡುಗನ ಆಯಿ, ಅಂದ್ರ ಆ ತೀರಿಹೋದ ಮುತ್ಯಾನ ಹೆಂಡತಿ, ಖೊಕ್ ಖೊಕ್ ಅಂತ ನಗಾಕ ಹತ್ತಿದ್ಳು. "ಏ ಮಾಸ್ತರ, ಹಿಟ್ಟ ಮೂಸಿ ನೋಡಿದ್ದನ್ನ ನಾ ಕಂಡೇನಿ. ಅದು ನನ್ನ ಸಾಣಿಗಿ. ನಮ್ಮವ್ವ ತವರಿಂದ ಕೊಟ್ಟದ್ದು. ಜಾಳಗಿ ಹರೀತು, ದುರಸ್ತಿ ಮಾಡಿಸ್ಕೊಂಡ ಬಾ ಅಂತ ಅವನ ಕೈಯಾಗ ಕೊಟ್ಟರ, ತೊಗಲ ಬಡಿಸ್ಕೊಂಡ ಭಜನಿಗೆ ಹೋದ! ಕೇಳಿದ್ರ, ದೇವರ ಕೆಲಸಕ್ಕ ಹೋಗೇತಿ ಮುಟ್ಟಬ್ಯಾಡ ಅಂದ. ಅವತ್ತಿಂದ ನನ್ನ ಸಾಣಿಗಿಗೆ ನಾನ ಕೈ ಮುಗ್ಯಾಕತ್ತೇನಿ."

ಹುಡುಗನ ಅಪ್ಪ ಹಣಿ ಮ್ಯಾಲಿನ ಹಿಟ್ಟ ಮುಟ್ಟಿ ನೋಡಕೊಂಡ್ರು.

"ನಿಮಗ ಗೊತ್ತಿತ್ತೇನ್ರಿ ಮಾಸ್ತರ್ರ?"

"ಎರಡನೇ ಪೆಟ್ಟಿಗೇ ಗೊತ್ತಾತ್ರಿ."

"ಮತ್ತ ಸುಳ್ಳ ಯಾಕ ಹೇಳಿದ್ರಿ?"

"ಮಗಳ ಲಗ್ನ್ರಿ," ಅಂದ್ನಿ.

ಆಯಿ ಮಗನ ಕಡೆ ಕೈ ಎತ್ತಿದ್ಳು. "ಸಾಕ ಬಿಡೋ ತಮ್ಮಾ. ಗೊತ್ತಿದ್ದೂ ಬಾಯಿ ಮುಚಗೊಂಡು ಇರಾಕ ಬರೋರ ಈ ಮನಿಗೆ ಬೀಗರಾಗಬೇಕು. ನಾನೂ ಹಂಗ ಬಾಳೇ ಮಾಡೇನಿ. ಲಗ್ನ ಗಟ್ಟಿ. ಒಂದ ಮಾತು, ಹುಡುಗಿ ಬರೂಮುಂದ ನನಗೊಂದ ಹೊಸಾ ಸಾಣಿಗಿ ತರಬೇಕು."

ಲಗ್ನದ ದಿನ ಫಳಫಳ ಸ್ಟೀಲಿನ ಸಾಣಿಗಿ ಒಯ್ದು ಕೊಟ್ಟಿವಿ. ಆಯಿ ಕೈ ಚಾಚೋದರಾಗ ಬೀಗರು ಅದನ್ನ ಇಸಕೊಂಡ್ರು. ಹಿಂದ ಮುಂದ ತಿರುವಿ ನೋಡಿದ್ರು. ಕಿವಿ ಹಂತ್ಯಾಕ ಹಿಡದು ಬೆರಳಿಂದ ಟಣ್ ಅಂತ ಒಂದ ಬಾರಿಸಿದ್ರು. ಆಮ್ಯಾಲ ನನ್ನ ಮುಖಾ ನೋಡಿ, "ಮಾಸ್ತರ್ರ, ಇದಕ್ಕೇನಂತಾರ್ರಿ?" ಅಂದ್ರು.

ನಾ ಬಾಯಿ ತಗ್ಯೂದಕ್ಕ ಮೊದಲ ನನ್ನ ಹೆಂಡತಿ ನಡುವ ಬಂದು ನಿಂತ್ಳು. "ಸಾಣಿಗಿ ಅಂತಾರ್ರಿ."