ನೋಡಿ ಸುಡುವ ಅತ್ತೆ

ನಮ್ಮ ಸೋದರತ್ತೆಯ ಮನೆಗೆ ಹೋಗುವವರು ಸ್ನಾನ ಮಾಡಿಕೊಂಡೇ ಹೋಗುವುದು ಕ್ಷೇಮ! ಕುಣಿಗಲ್‌ನ ಆ ಮನೆಯಲ್ಲಿ ಇವತ್ತಿಗೂ ನೀರಿಗೇನೂ ಬರವಿಲ್ಲ, ಕಾಯುವುದೇ ತಡ. ಹಂಡೆ ಒಲೆಗೆ ಇಡುವ ಮುಂಚೆ ಅತ್ತೆ ಒಂದೊಂದು ಸೌದೆಯನ್ನೂ ನೆಲಕ್ಕೆ ತಟ್ಟಿ, ಟಾರ್ಚ್ ಬಿಟ್ಟು ನೋಡಿ, "ಎದ್ದು ಆ ಕಡೆ ಹೋಗ್ರಪ್ಪಾ, ಬೆಂಕಿ ಹಾಕ್ತೀನಿ" ಎಂದು ಇರುವೆ, ಜೇಡಗಳಿಗೆಲ್ಲ ಹೇಳಬೇಕು. ಅವು ಹೋಗುವ ತನಕ ಕಾಯಬೇಕು. ಟವೆಲ್ ಸುತ್ತಿಕೊಂಡು ನಡುಗುವ ನೆಂಟರ ಗತಿ? ಅವರೇನು ಸುಟ್ಟುಹೋಗುತ್ತಾರೆಯೇ, ನಿಂತಿರಲಿ!

ಮಾವ ಬದುಕಿದ್ದಾಗ ಒಮ್ಮೆ "ಗೀಸರ್ ಹಾಕ್ಸಾನ ಕಣೇ" ಅಂದರು.

"ಆ ಡಬ್ಬದೊಳಗೆ ಯಾರವ್ರೆ ಅಂತ ಹೆಂಗ್ ನೋಡಾದು? ಬ್ಯಾಡ!" ಅಂದರು ಅತ್ತೆ.

ಮಾವನಿಗೆ ಕಿವಿ ಮಂದ. "ಹೂಂ, ನಾಳೇನೇ ತರ್ತೀನಿ ಬುಡು" ಎಂದು ಖುಷಿಯಾಗಿ ತಲೆಯಾಡಿಸಿದರು. ಗೀಸರ್ ಮಾತ್ರ ಬರಲೇ ಇಲ್ಲ.

ಇಂಥ ಅತ್ತೆ ಹೋದ ವರ್ಷ ಗುಬ್ಬಿಯ ಮದುವೆಯೊಂದರಲ್ಲಿ ಎಲೆಯ ಮುಂದೆಯೇ ಪ್ರಜ್ಞೆ ತಪ್ಪಿ ಬಿದ್ದರು. ಎಚ್ಚರವಾದಾಗ ಕೇಳಿದ್ದು, "ಪಾಯ್ಸ ಆಯ್ತಾ?" ತುಮಕೂರಿನ ಆಸ್ಪತ್ರೆಗೆ ಕರೆತಂದೆ. ಎದೆಬಡಿತದ ಲಯ ತಪ್ಪಿದೆ, ಮಾತ್ರೆಗೆ ಬಗ್ಗುತ್ತಿಲ್ಲ, ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು.

"ತೊಡೆಯ ರಕ್ತನಾಳದಿಂದ ಸಣ್ಣ ಟ್ಯೂಬ್ ಬಿಟ್ಟು ಹಾರ್ಟ್ ತನಕ ಹೋಗ್ತೀವಮ್ಮ. ತಪ್ಪು ಕರೆಂಟ್ ಹುಟ್ಟೋ ಜಾಗಾನ ಸ್ವಲ್ಪ ಸುಡ್ತೀವಿ."

"ಎದೆಗೆ ಹೋಗಕ್ಕೆ ತೊಡೆಯಿಂದ್ಯಾಕೆ? ತುಮಕೂರಿಂದ ಕುಣಿಗಲ್‌ಗೆ ಗುಬ್ಬಿ ಮೇಲೆ ಹೋದಂಗಾಯ್ತಲ್ಲ ಡಾಕ್ಟ್ರೇ!"

ಎಲ್ಲರೂ ನಕ್ಕೆವು. ಅಷ್ಟರಲ್ಲಿ 'ಸುಡ್ತೀವಿ' ಎಂಬ ಮಾತು ಅತ್ತೆಯ ತಲೆಗೆ ಹೋಯಿತು ನೋಡಿ, ಚೀಲ ಎತ್ತಿಕೊಂಡು ಎದ್ದೇಬಿಟ್ಟರು. "ನಡಿಯೋ ಮಗಾ, ಬಸ್ ಹಿಡಿಯಾನ."

ಬೇಡಿಕೊಂಡೆ, ಗದರಿದೆ, ಊಟ ಬಿಟ್ಟೆ. ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದ ಜೀವ ಅದು, ಸುಮ್ಮನೆ ಹೇಗೆ ಬಿಡಲಿ? ಕೊನೆಗೆ ಮತ್ತೆ ಡಾಕ್ಟರ ಮುಂದೆ ಕೂರಿಸಿದೆ. ಅತ್ತೆ ಚೀಲವನ್ನು ತೊಡೆಯಿಂದ ಇಳಿಸಲೇ ಇಲ್ಲ.

"ನೋಡಿ ಸುಡ್ತೀರೋ, ನೋಡ್ದೆ ಸುಡ್ತೀರೋ?"

"ನೋಡ್ದೆ ಸುಡಕ್ಕಾಗುತ್ತಾ ಅಮ್ಮ? ಇನ್ನೊಂದು ಟ್ಯೂಬ್ ತುದೀಲಿ ಶಬ್ದದ ಅಲೆ ಬಿಟ್ಟು ನೋಡೋ ಸ್ಕ್ಯಾನಿಂಗ್ ಇರುತ್ತೆ. ಅದೂ ಹಾರ್ಟ್ ಒಳಗೇ ಹೋಗುತ್ತೆ. ಗೋಡೆ ಎಲ್ಲಿದೆ, ಸುಡೋ ಟ್ಯೂಬ್ ಎಲ್ಲಿ ತಾಗಿದೆ, ಎಲ್ಲಾ ಟಿವೀಲಿ ಕಾಣುತ್ತೆ."

"ಟಾರ್ಚ್ ಬಿಟ್ಟಂಗೆ?"

"ಹೂಂ, ಶಬ್ದದ ಟಾರ್ಚ್ ಅನ್ಕೊಳಿ."

"ಹಂಗನ್ನಿ ಮತ್ತೆ! ಮೊದ್ಲೇ ಹೇಳಾದಲ್ವಾ?" ಅತ್ತೆ ಚೀಲ ಕೆಳಗಿಟ್ಟರು.

ಆಪರೇಷನ್ ದಿನ ಸ್ಟ್ರೆಚರ್ ಮೇಲೆ ಒಳಗೆ ಕರೆದೊಯ್ಯುವಾಗ ನೋಡುತ್ತೇನೆ, ಅತ್ತೆ ಎದೆಯನ್ನು ಬೆರಳಿನಿಂದ ಟಕಟಕ ತಟ್ಟಿಕೊಳ್ಳುತ್ತಿದ್ದಾರೆ! ನೋವು ಶುರುವಾಯಿತೆಂದು ಹೆದರಿ ಓಡಿದೆ.

"ಏನಾಯ್ತತ್ತೆ?"

"ಏನಿಲ್ಲ ಕಣ್ಲಾ. ಒಳಗಿರೋರ್ಗೆ ಆ ಕಡೆ ಸರ್ಕೊಳಿ ಅಂತ ಹೇಳ್ತಿವ್ನಿ. ನೀನೂ ಸರ್ಕೊ ಮಗಾ."

ನನಗೆ ಅಳು ತಡೆಯಲಾಗಲಿಲ್ಲ. ಬಾಗಿಲು ಮುಚ್ಚುವ ಮುಂಚೆ ಅತ್ತೆ ಇನ್ನೊಮ್ಮೆ, ಈ ಸಲ ಜೋರಾಗಿ, ತಟ್ಟಿಕೊಂಡರು.

"ನಿಮ್ಮಾವಂಗೆ ಕಿವಿ ಮಂದ ಅಲ್ವಾ!"