ಷಡ್ಡಕನ ಕಯಾಕ್, ನನ್ನ ಹೊಟ್ಟೆಕಿಚ್ಚು

ಒಂದೇ ಮನೆಯ ಅಕ್ಕ ತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರು ಒಂದೇ ಊರಿನಲ್ಲಿದ್ದರೆ ನಗುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ನಾನು ಕುಂದಾಪುರದ ಹತ್ತಿರದ ಕಡಲತೀರದವನು. ದೆಹಲಿಯಲ್ಲಿ ಕೇಂದ್ರ ಸರ್ಕಾರದ ನೌಕರಿ, ಸರೋಜಿನಿ ನಗರದಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್. ಮಾವನವರೂ ನಮ್ಮ ಕಡೆಯವರೇ. ದೆಹಲಿಯಲ್ಲೇ ಕೆಲಸ ಮಾಡಿ, ನಿವೃತ್ತರಾಗಿ, ಮುನಿರ್ಕಾದ ಫ್ಲಾಟಿನಲ್ಲಿ ಇದ್ದರು. ಅವರ ಬಳಗದಲ್ಲಿ ಸಮುದ್ರದ ವಿಷಯ ಬಂದರೆ ಕೊನೆಯ ಮಾತು ನನ್ನದು. ಮಾರ್ಕೆಟ್ಟಿನಲ್ಲಿ ಮೀನಿನ ಕಿವಿರು ಎತ್ತಿ ನೋಡಿ ನಾನು "ಬೇಡ" ಎಂದರೆ ಮಾವ ಮರುಮಾತಾಡದೆ ಮುಂದಿನ ಅಂಗಡಿಗೆ ನಡೆಯುತ್ತಿದ್ದರು.

ಆಮೇಲೆ ಹೆಂಡತಿಯ ತಂಗಿ ಬೀದರಿನ ಹುಡುಗನನ್ನು ಮದುವೆಯಾದಳು. ಗುಡಗಾಂವಿನಲ್ಲಿ ಕಂಪ್ಯೂಟರ್ ಕೆಲಸ. ಕಂಪನಿಯವರು ಅವನನ್ನು ವರ್ಷದ ಮಟ್ಟಿಗೆ ಆಸ್ಟ್ರೇಲಿಯಾಕ್ಕೆ ಕಳಿಸಿದರು. ಹೋಗುವಾಗ ಸಮುದ್ರವನ್ನೇ ಸರಿಯಾಗಿ ಕಂಡಿರದ ಮನುಷ್ಯ, ಬರುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ಕಯಾಕ್ ತರಿಸಿಕೊಂಡ.

ಕಯಾಕ್ ಅಂದರೆ ಹುಟ್ಟು ಹಾಕಿಕೊಂಡು ಹೋಗುವ ಸಪೂರ ದೋಣಿ. ಇವನದು ಹಳದಿ ಬಣ್ಣದ ಪ್ಲಾಸ್ಟಿಕ್ಕಿನದು, ಇಬ್ಬರು ಹಿಂದೆ ಮುಂದೆ ಕೂರುವಂಥದ್ದು. ಅದರಲ್ಲಿ ಸಮುದ್ರಕ್ಕೆ ಹೋಗಿ ಗಾಳ ಹಾಕುವುದು ಅಲ್ಲಿಯವರ ಭಾನುವಾರದ ಹವ್ಯಾಸವಂತೆ. ಅಂದಿನಿಂದ ಮಾವನ ಮನೆಯಲ್ಲಿ ಸಮುದ್ರದ ಕೊನೆಯ ಮಾತು ಬೀದರಿಗೆ ಹೋಯಿತು.

ನಾಲ್ಕನೇ ಮಹಡಿಯ ತಿರುವು

ಕಯಾಕ್ ಬಂದ ದಿನ ನಮ್ಮನ್ನೆಲ್ಲ ಗುಡಗಾಂವಿಗೆ ಕರೆದಿದ್ದರು. ಷಡ್ಡಕನ ಮನೆ ಏಳನೇ ಮಹಡಿಯಲ್ಲಿ. ದೋಣಿ ಲಿಫ್ಟಿನೊಳಗೆ ಅರ್ಧವೂ ಹೋಗಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಅವನು ಧೃತಿಗೆಡುವ ಪೈಕಿ ಅಲ್ಲ. ನಾಲ್ವರು ಕೂಲಿಗಳನ್ನು ಕರೆದು ಮೆಟ್ಟಿಲ ಮೇಲೆ ಹೊರಿಸಿದ.

ನಾಲ್ಕನೇ ಮಹಡಿಯ ತಿರುವಿನಲ್ಲಿ ದೋಣಿ ಸಿಕ್ಕಿಹಾಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಲಿಫ್ಟೂ ನಿಂತಿತು. ಕಟ್ಟಡದಲ್ಲಿದ್ದವರೆಲ್ಲ ಮೆಟ್ಟಿಲಿಗೇ ಬಂದರು, ಮೆಟ್ಟಿಲ ತುಂಬ ದೋಣಿ.

ನನ್ನ ಹೆಂಡತಿ ಅದರ ಹೊಟ್ಟೆಯ ಮೇಲೆ ಕೈಯಾಡಿಸುತ್ತ, "ಎಷ್ಟು ನುಣ್ಣಗಿದೆ ನೋಡಿ. ನಮ್ಮನೇಲಿ ಇಂಥದ್ದೊಂದೂ ಇಲ್ಲ" ಎಂದಳು.

"ನಮ್ಮನೇಲಿ ಜಾಗ ಎಲ್ಲಿದೆ?"

"ಜಾಗದ ಮಾತಲ್ಲ, ಉತ್ಸಾಹ ಬೇಕು."

ಉತ್ಸಾಹಿ ಆಗಲೇ ಕಿಟಕಿಯ ಗಾಜು ತೆಗೆಸಿ, ದೋಣಿಯ ಮೂತಿಯನ್ನು ಹೊರಕ್ಕೆ ತೂರಿಸಿ, ತಿರುಗಿಸುವ ಉಪಾಯ ಹೇಳಿಕೊಡುತ್ತಿದ್ದ. ಆಗ ಮೇಲಿನಿಂದ ವಯಸ್ಸಾದ ಪಂಜಾಬಿ ಯಜಮಾನರೊಬ್ಬರು ತರಕಾರಿ ಚೀಲ ಹಿಡಿದು ಇಳಿದು ಬಂದರು. ದೋಣಿಯನ್ನು ನೋಡಿದರು. ಕಿಟಕಿಯಿಂದ ಹೊರಗೆ ಆಕಾಶ ನೋಡಿದರು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಬೇಟಾ, ಪಾನಿ ಕಹಾಂ ತಕ್ ಆಯೇಗಾ?"

ನೀರು ಎಲ್ಲಿಯವರೆಗೆ ಬರುತ್ತದೆ ಎಂದು ನಾನು ಹೇಳಬೇಕಿತ್ತು. ಅವರ ಮನೆ ಐದನೇ ಮಹಡಿಯಲ್ಲಂತೆ.

ಟೋಪಿ

ಸಮುದ್ರಕ್ಕೆ ಹೋಗುವ ಮೊದಲು ಅಭ್ಯಾಸ ಬೇಕು. ಯಮುನೆಯಲ್ಲಿ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಷಡ್ಡಕ ತನ್ನ ಸೊಸೈಟಿಯ ಈಜುಕೊಳವನ್ನೇ ಒಂದು ಭಾನುವಾರ ಬೆಳಗ್ಗೆ ಕೇಳಿ ಪಡೆದ. ಕೊಳದ ಕಾವಲಿನವನದು ಒಂದೇ ಶರತ್ತು: ರಬ್ಬರ್ ಟೋಪಿ ಹಾಕದೆ ಯಾರೂ ನೀರಿಗೆ ಇಳಿಯಬಾರದು.

"ಭಯ್ಯಾ, ನಾವು ದೋಣೀಲಿ ಇರ್ತೀವಿ. ತಲೆ ಒದ್ದೆ ಆಗೋದಿಲ್ಲ" ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವನು ಗೋಡೆಯ ಮೇಲಿನ ಬೋರ್ಡು ತೋರಿಸಿದ.

ಮಗುಚಿ ಬಿದ್ದರೆ ಮತ್ತೆ ಹತ್ತುವುದು ಹೇಗೆ ಎನ್ನುವುದು ಈ ವಿದ್ಯೆಯ ಮೊದಲ ಪಾಠ. ಷಡ್ಡಕ ಬೇಕೆಂದೇ ಮಗುಚಿಕೊಂಡ. ದೋಣಿಯ ಒಂದು ಅಂಚು ಎಳೆದು ನೆಟ್ಟಗೆ ಮಾಡಿದ. ಹೊಟ್ಟೆಯನ್ನು ಅದರ ಮೇಲೆ ಹಾಕಿ, ಕಾಲು ಬಡಿದು, ಅಡ್ಡ ಮಲಗಿ, ಮೆಲ್ಲನೆ ತಿರುಗಿ ಕೂತ. ಬಾಲ್ಕನಿಗಳಿಂದೆಲ್ಲ ಚಪ್ಪಾಳೆ ಬಂತು. ಪಕ್ಕದಲ್ಲೇ ಇನ್ನೊಂದು ಚಪ್ಪಾಳೆ ಕೇಳಿ ತಿರುಗಿ ನೋಡಿದೆ. ನನ್ನ ಹೆಂಡತಿ.

"ನಾನೂ ಕೂರ್ತೀನಿ" ಎಂದೆ.

"ಅಣ್ಣಾರ, ಮೊದಲ ಸಲ ಸ್ವಲ್ಪ ನೋಡಿಕೊಂಡು ಕೂಡ್ರಿ" ಎಂದ ಷಡ್ಡಕ.

"ಕಡಲತೀರದವನಿಗೆ ದೋಣಿ ಹೇಳಿಕೊಡ್ತೀರಾ?"

ನಿಜ ಹೇಳಬೇಕೆಂದರೆ ನಮ್ಮೂರಿನಲ್ಲಿ ನಾನು ಈಜಿದ್ದು ದೇವಸ್ಥಾನದ ಕೆರೆಯಲ್ಲಿ. ದೋಣಿಗಳನ್ನು ದಡದಿಂದ ನೋಡಿ ಬೆಳೆದವನು. ಲೈಫ್ ಜಾಕೆಟ್ ಬಿಗಿದು, ಟೋಪಿ ಹಾಕಿ, ಗಂಭೀರವಾಗಿ ಎರಡು ಸಲ ಹುಟ್ಟು ಹಾಕಿದೆ. ದೋಣಿ ಸೊಗಸಾಗಿ ಮುಂದೆ ಹೋಯಿತು. ಹೆಂಡತಿ ನೋಡುತ್ತಿದ್ದಾಳೋ ಇಲ್ಲವೋ ಎಂದು ಒಂದು ಪಕ್ಕಕ್ಕೆ ಬಾಗಿದೆ. ಅಷ್ಟೇ.

ಮೂಗಿನಲ್ಲಿ ನೀರು, ತಲೆಯ ಮೇಲೆ ದೋಣಿ. "ಬಚಾವೋ, ಬಚಾವೋ" ಎಂದು ಕೂಗಿದೆ. ಜಾಕೆಟ್ಟು ನನ್ನನ್ನು ಅಂಗಾತ ತೇಲಿಸಿತು. ಕೈಕಾಲು ಬಡಿಯುತ್ತಿದ್ದಂತೆ ದಡದಿಂದ ಹೆಂಡತಿಯ ಮಾತು ಶಾಂತವಾಗಿ ಕೇಳಿಸಿತು.

"ರೀ, ಎದ್ದು ನಿಂತ್ಕೊಳ್ಳಿ. ಅದು ಮಕ್ಕಳ ಕಡೆ."

ಎದ್ದು ನಿಂತೆ. ನೀರು ಸೊಂಟದವರೆಗೆ ಇತ್ತು. ಟೋಪಿ ಮಾತ್ರ ಕದಲಿರಲಿಲ್ಲ.

ಸಾಹೇಬರ ಪೈಜಾಮ

ನೀರಿನಲ್ಲಿ ಸೋತವನು ನೆಲದ ಮೇಲೆ ಗೆಲ್ಲೋಣ ಎಂದು ಗಾಳದ ಕೋಲು ಎಸೆಯುವುದನ್ನು ಕಲಿಯಲು ಹೊರಟೆ. ಷಡ್ಡಕ ಕೋಲು ತೆಗೆದುಕೊಂಡು ನಮ್ಮ ಕ್ವಾರ್ಟರ್ಸಿನ ತಾರಸಿಗೆ ಬಂದ. ನಮ್ಮ ಬಿದಿರು ಕೋಲಿನಂಥದ್ದಲ್ಲ ಅದು. ಸಣ್ಣ ಉಂಗುರಗಳ ಸಾಲಿನಲ್ಲಿ ದಾರ ಹಾದುಹೋಗುತ್ತದೆ, ಬುಡದಲ್ಲಿ ದಾರ ಸುತ್ತುವ ರೀಲು.

"ರೀಲಿನ ತಂತಿ ಎತ್ರಿ, ದಾರ ಬೆರಳಿಂದ ಒತ್ತಿ ಹಿಡೀರಿ. ಕೋಲು ತಲಿ ಮ್ಯಾಲಿಂದ ಮುಂದ ಬಂದಾಗ ಬೆರಳು ಬಿಡ್ರಿ. ಮೊದಲೂ ಅಲ್ಲ, ಆಮೇಲೂ ಅಲ್ಲ" ಎಂದ.

ಅಭ್ಯಾಸಕ್ಕೆಂದು ಅವನು ದಾರದ ತುದಿಗೆ ಸೀಸದ ಗುಂಡು ಮಾತ್ರ ಕಟ್ಟಿದ್ದ. ಅವನ ಎಸೆತಗಳೆಲ್ಲ ನೀರಿನ ಟ್ಯಾಂಕಿನ ಬುಡಕ್ಕೇ ಹೋಗಿ ಬಿದ್ದವು. ಗುಂಡು ಎಸೆಯುವುದು ಮಕ್ಕಳಾಟ ಅನ್ನಿಸಿತು. ಅವನು ಚಹಾ ಕುಡಿಯಲು ಕೆಳಗೆ ಹೋದಾಗ ಅವನ ಗಾಳದ ಪೆಟ್ಟಿಗೆಯಿಂದ, ನಿಜದ ಮೀನನ್ನು ಮರುಳು ಮಾಡುವ ಪ್ಲಾಸ್ಟಿಕ್ ಮೀನೊಂದನ್ನು ತೆಗೆದು ಕಟ್ಟಿದೆ. ಹೊಟ್ಟೆಯಡಿ ಒಂದು, ಬಾಲದಲ್ಲಿ ಒಂದು, ಮೂರು ಮೂರು ಮೊನೆಯ ಗಾಳ.

ಬೀಸಿದೆ. ಬೆರಳು ಬಿಟ್ಟದ್ದು ಸ್ವಲ್ಪ ತಡವಾಯಿತೋ ಏನೋ, ಮೀನು ಎಡಕ್ಕೆ ಹಾರಿ, ಓಣಿ ದಾಟಿ, ಎದುರು ಬ್ಲಾಕಿನ ತಾರಸಿಯಲ್ಲಿ ಒಣಗುತ್ತಿದ್ದ ಬಿಳಿ ಪೈಜಾಮವನ್ನು ಕಚ್ಚಿಕೊಂಡಿತು. ಗಾಬರಿಯಲ್ಲಿ ರೀಲು ಸುತ್ತಿದೆ. ಪೈಜಾಮ ಹಗ್ಗದಿಂದ ಕಳಚಿ, ಎರಡೂ ಕಾಲು ಅಗಲಿಸಿಕೊಂಡು, ಓಣಿಯ ಮೇಲೆ ತೇಲುತ್ತ ಬಂತು. ಆ ಎಳೆತಕ್ಕೆ ಕೋಲಿನ ತುದಿಯ ಉಂಗುರವೂ ಮುರಿಯಿತು. ಆ ತಾರಸಿಯ ಕೆಳಗಿನ ಮನೆ ನಮ್ಮ ಸೆಕ್ಷನ್ನಿನ ಸಾಹೇಬರದು.

ಷಡ್ಡಕನನ್ನೂ ಕರೆದುಕೊಂಡು, ಪೈಜಾಮ ಹಿಡಿದು ಹೋದೆ. ಸಾಹೇಬರು ಬಂಗಾಳದವರು. ಬಾಗಿಲು ತೆಗೆದು, ಪೈಜಾಮವನ್ನು ಬಿಟ್ಟು ಅದರಲ್ಲಿ ನೇತಾಡುತ್ತಿದ್ದ ಪ್ಲಾಸ್ಟಿಕ್ ಮೀನನ್ನೇ ನೋಡಿದರು. ಮುಖ ಅರಳಿತು.

"ಯಾರದು ಇದು?"

"ನಂದು ಸರ್" ಎಂದ ಷಡ್ಡಕ.

ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದರು. ಚಹಾ ಬಂತು, ಸಂದೇಶ್ ಮಿಠಾಯಿ ಬಂತು, ತಮ್ಮೂರಿನ ಕೊಳಗಳ ಕಥೆ ಬಂತು. ಇಷ್ಟು ವರ್ಷ ಅವರ ಕೈಕೆಳಗೆ ದುಡಿದ ನನಗೆ ಆ ಮನೆಯ ಕುರ್ಚಿ ಯಾವ ಬಣ್ಣದ್ದು ಎಂಬುದೂ ಗೊತ್ತಿರಲಿಲ್ಲ. ನಾನಿನ್ನೂ ಹೊಸ್ತಿಲಲ್ಲಿ ಇರುವುದು ಅವರಿಗೆ ಬಹಳ ಹೊತ್ತಿನ ಮೇಲೆ ಕಂಡಿತು.

"ಅರೆ, ತುಮ್ ಅಭೀ ತಕ್ ಖಡೇ ಹೋ? ಜಾವೋ, ಪೈಜಾಮಾ ಧೂಪ್ ಮೇಂ ಡಾಲ್ ದೋ."

ಹೋಗಿ ಬಿಸಿಲಿಗೆ ಹಾಕಿ ಬಂದೆ.

ಯಾವ ಸ್ಟೇಷನ್

ಮುರಿದ ಉಂಗುರ ಸರಿಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಚಾಂದನಿ ಚೌಕದ ಹತ್ತಿರ ರಿಪೇರಿ ಮಾಡಿಸಿಕೊಂಡು, ಕೋಲನ್ನು ಉದ್ದದ ಚೀಲದಲ್ಲಿ ಹಾಕಿ ಮೆಟ್ರೋಗೆ ಬಂದೆ. ಹೊಸ ಮೆಟ್ರೋ, ತಪಾಸಣೆ ಬಿಗಿ. ಕಾವಲಿನ ಹರಿಯಾಣದ ಜವಾನ ಚೀಲ ಬಿಚ್ಚಿಸಿದ.

"ಇದೇನು?"

"ಮೀನು ಹಿಡಿಯುವ ಕೋಲು."

"ದಿಲ್ಲಿಯಲ್ಲಿ ಮೀನು ಎಲ್ಲಿ ಹಿಡಿಯುತ್ತೀಯ?"

"ದಿಲ್ಲಿಯಲ್ಲಲ್ಲ, ಸಮುಂದರ್‌ನಲ್ಲಿ" ಎಂದೆ, ಸ್ವಲ್ಪ ಠೀವಿಯಿಂದಲೇ. ಕೋಲು ಕೈಯಲ್ಲಿದ್ದಾಗ ಅದು ನನ್ನದೇ ಅನ್ನಿಸುತ್ತಿತ್ತು.

ಅವನು ಗೋಡೆಯ ಮೇಲಿನ ಮೆಟ್ರೋ ನಕ್ಷೆಯನ್ನು ಮೇಲಿನಿಂದ ಕೆಳಗೆ ಶ್ರದ್ಧೆಯಿಂದ ನೋಡಿ, ನನ್ನ ಕಡೆ ತಿರುಗಿದ.

"ಸಮುಂದರ್? ಕೌನ್ ಸಾ ಸ್ಟೇಷನ್ ಹೈ?"

ಬಂಗುಡೆ ಬಂದದ್ದು

ದೀಪಾವಳಿಯ ರಜೆಗೆ ಕಯಾಕನ್ನು ಲಾರಿಯಲ್ಲಿ ಮೊದಲೇ ನಮ್ಮೂರಿಗೆ ಕಳಿಸಿ, ನಾವಿಬ್ಬರೂ ರೈಲಿನಲ್ಲಿ ಹೋದೆವು. ಬರುವಾಗ ಮುನಿರ್ಕಾದ ಮನೆಗೆ ಕಡಲಿನ ಮೀನು ತರುವುದೆಂದು ಷಡ್ಡಕ ಮಾವನಿಗೆ ಮಾತು ಕೊಟ್ಟಿದ್ದ. ಆ ಮಾತನ್ನು ನಾನು ಕೊಟ್ಟಿರಲಿಲ್ಲವಲ್ಲ ಎಂಬ ಸಂಕಟ ನನಗೆ ಮಥುರೆಯಿಂದಲೇ ಶುರುವಾಗಿತ್ತು.

ಬೆಳಗ್ಗೆ ನೀರುದೋಸೆ ಚಟ್ನಿ ತಿಂದು ಇಳಿದೆವು. ನಾನು ಮುಂದೆ, ಅವನು ಹಿಂದೆ. ದಡದ ತೆರೆಗಳನ್ನು ನೇರವಾಗಿ ಮೂತಿಯಿಂದ ಸೀಳಬೇಕು, ಅಡ್ಡ ಸಿಕ್ಕರೆ ಮಗುಚುತ್ತದೆ. ಅವನು ಹೇಳಿದಂತೆ ಹುಟ್ಟು ಹಾಕಿದೆ. ತೆರೆ ದಾಟಿದೆವು. ದಡದಲ್ಲಿದ್ದ ನಮ್ಮೂರಿನವರ ಕಡೆ ಕೈಯನ್ನೂ ಬೀಸಿದೆ.

ಆಮೇಲೆ ದೋಣಿ ನಿಂತಿತು. ಸಮುದ್ರ ನಿಲ್ಲಲಿಲ್ಲ. ಮೇಲೆ, ಕೆಳಗೆ, ಸ್ವಲ್ಪ ಪಕ್ಕಕ್ಕೆ, ಮತ್ತೆ ಮೇಲೆ. ಷಡ್ಡಕ ಒಂದೇ ದಾರಕ್ಕೆ ಆರು ಸಣ್ಣ ಗಾಳ, ಪ್ರತಿಯೊಂದಕ್ಕೂ ಬಿಳಿಯ ಗರಿ ಕಟ್ಟಿದ್ದನ್ನು ಇಳಿಬಿಟ್ಟು, ಎತ್ತಿ ಇಳಿಸಿ ಆಡಿಸತೊಡಗಿದ. ಬಹಳ ಹೊತ್ತು ಏನೂ ಬರಲಿಲ್ಲ. ಬರದೇ ಇರಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಾಗ ನನ್ನ ಹೊಟ್ಟೆ ತೊಳಸಿತು.

"ಅಣ್ಣಾರ, ದೂರದ ಗುಡ್ಡ ನೋಡ್ರಿ, ನೀರು ನೋಡಬ್ಯಾಡ್ರಿ" ಎಂದ ಅವನು.

ನಾನು ನೀರನ್ನೇ ನೋಡಿದೆ. ನೀರುದೋಸೆ, ಚಟ್ನಿ, ಎಲ್ಲವೂ ಕಡಲಿಗೆ ಹೋಯಿತು.

ಅರೆಕ್ಷಣದಲ್ಲಿ ದೋಣಿಯ ಸುತ್ತ ನೀರು ಕುದಿದ ಹಾಗಾಯಿತು. ಬಂಗುಡೆಯ ಹಿಂಡು. ಷಡ್ಡಕ ದಾರ ಬಿಟ್ಟರೆ ಆರಕ್ಕೆ ಆರೂ. ಬಿಡಿಸಿ ಮತ್ತೆ ಬಿಟ್ಟರೆ ಮತ್ತೆ ಆರು. ಹಿಂಡು ತೆಳುವಾದಾಗ ನನಗೆ ಇನ್ನೊಂದು ಸಲ ವಾಂತಿ ಬಂತು, ಹಿಂಡೂ ಬಂತು. ಐಸ್ ಪೆಟ್ಟಿಗೆ ತುಂಬಿತು.

ವಿಮಾನದಲ್ಲಿ ಮೀನು ದೆಹಲಿಗೆ ಬಂತು. ಮಾರನೇ ದಿನ ಮುನಿರ್ಕಾದಲ್ಲಿ ಊಟ. ದೆಹಲಿಯಲ್ಲಿದ್ದ ನಮ್ಮ ಊರ ಕಡೆಯ ಬೇರೆ ಎರಡು ಸಂಸಾರಗಳನ್ನೂ ಮಾವ ಕರೆದಿದ್ದರು. ಅತ್ತೆ ಬಂಗುಡೆ ಗಸಿ ಮಾಡಿದ್ದರು. ಷಡ್ಡಕ ಮೀನು ಹಿಡಿಯುವವನೇ ಹೊರತು ತಿನ್ನುವವನಲ್ಲ, ಅವನೊಬ್ಬನಿಗಾಗಿ ತಿಳಿಸಾರು ಮಾಡಿದ್ದರು.

ಮಾವ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ದೆಹಲಿಗೆ ಬಂದ ಮೇಲೆ ಇಂಥ ಬಂಗುಡೆ ತಿಂದಿಲ್ಲ. ಬೀದರಿನ ಅಳಿಯಂದಿರು ತಿನ್ನಿಸಬೇಕಾಯಿತು."

ನಾದಿನಿ ಹೆಮ್ಮೆಯಿಂದ, "ಆರಕ್ಕೆ ಆರೂ ಒಟ್ಟಿಗೇ ಬಂತಂತೆ ಪಪ್ಪಾ" ಎಂದಳು. ಬಂದವರು ಕೋಲಿನ ಬಗ್ಗೆ ಕೇಳಿದರು, ಗರಿಯ ಬಗ್ಗೆ ಕೇಳಿದರು. ಮುಂದೆ ಕೂತಿದ್ದವನ ಬಗ್ಗೆ ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಕೂಡ ಅವನ ತಟ್ಟೆಗೆ ಇನ್ನೊಂದು ಹಪ್ಪಳ ಹಾಕಿದಳು.

ನನಗೆ ತಡೆಯಲಾಗಲಿಲ್ಲ. "ಮೀನು ಸುಮ್ಮನೆ ಬರಲಿಲ್ಲ. ಬಂದದ್ದು ನನ್ನಿಂದ" ಎಂದೆ.

"ನಿಮ್ಮಿಂದ ಹ್ಯಾಗೆ?" ಎಂದರು ಮಾವ, ಎರಡನೇ ಬಂಗುಡೆಯ ಮುಳ್ಳು ಬಿಡಿಸುತ್ತ.

"ಅಣ್ಣಾರ, ಊಟ ಆಗಲಿ, ಆಮೇಲೆ ಹೇಳೂಣ" ಎಂದ ಷಡ್ಡಕ.

ನೋಡಿ, ಹೊಗಳಿಕೆಯಲ್ಲಿ ಪಾಲು ಕೊಡಲು ಇವನಿಗೆ ಮನಸ್ಸಿಲ್ಲ ಎಂದುಕೊಂಡೆ. "ಯಾಕೆ ಆಮೇಲೆ? ಈಗಲೇ ಹೇಳಿ. ನಾನು ಮಾಡುವ ತನಕ ಒಂದಾದರೂ ಬಂದಿತ್ತಾ?"

"ಇಲ್ಲರಿ."

"ನಾನು ಮಾಡಿದ ಮೇಲೆ?"

"ಬಂದ್ವು."

"ಎರಡನೇ ಸಲ ಮಾಡಿದಾಗ?"

"ಆಗೂ ಬಂದ್ವು" ಎಂದು ಅವನು ತಲೆ ತಗ್ಗಿಸಿದ.

"ಏನು ಮಾಡಿದಿರಿ?" ಎಂದು ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಯಾಕ್ ಬಂದ ಮೇಲೆ ಆ ಮನೆಯಲ್ಲಿ ನನಗೆ ಅಂಥ ಗಮನ ಸಿಕ್ಕಿದ್ದು ಅದೇ ಮೊದಲು. ನಾನು ಒಂದನ್ನೂ ಬಿಡದೆ ಹೇಳಿದೆ. ನೀರುದೋಸೆಯಿಂದ ಶುರುಮಾಡಿ, ಹಿಂಡು ಅದನ್ನು ಹೇಗೆ ಮುಗಿಬಿದ್ದು ತಿಂದಿತು ಎನ್ನುವವರೆಗೆ.

ಮಾವನ ಕೈ ತಟ್ಟೆಗೂ ಬಾಯಿಗೂ ಮಧ್ಯೆ ನಿಂತಿತು. ನಾದಿನಿ ಎದ್ದು ಬಚ್ಚಲಿಗೆ ಹೋದಳು. ಬಂದವರಲ್ಲಿ ಒಬ್ಬರು ತಮ್ಮ ತಟ್ಟೆಯನ್ನು ಬೆರಳಿನಿಂದ ಮೆಲ್ಲನೆ ಮುಂದಕ್ಕೆ ಸರಿಸಿದರು. ಅತ್ತೆ ಒಳಗೆ ಹೋಗಿ, ಗಸಿಯ ಪಾತ್ರೆಯನ್ನೇ ತಂದು ನನ್ನ ಮುಂದಿಟ್ಟರು.

"ನಿಮ್ಮಿಂದಲೇ ಬಂದದ್ದು ಅಂತೀರಲ್ಲ. ನೀವೇ ಮುಗಿಸಿ."

ಉಳಿದವರಿಗೆಲ್ಲ ಹೊಸ ತಟ್ಟೆ ಬಂತು, ತಿಳಿಸಾರು ಬಂತು. ಮಾವ ಎರಡು ತುತ್ತು ಉಂಡು ಚೇತರಿಸಿಕೊಂಡು, ಷಡ್ಡಕನ ಬೆನ್ನು ತಟ್ಟಿದರು.

"ಇವರು ಮೀನು ತಿನ್ನದೇ ಇದ್ದದ್ದು ಎಷ್ಟು ಒಳ್ಳೇದಾಯ್ತು ನೋಡಿ. ಇಲ್ಲದಿದ್ರೆ ಇವತ್ತು ನಮಗೆ ಸಾರೂ ಸಿಗ್ತಿರಲಿಲ್ಲ."