ಬಾಲ ಕತ್ತರಿಸಿದ ಗಂಜಿ

ಪರಭಾಷೆ ತನಗೆ ಬರುವುದಿಲ್ಲ ಎಂದು ಒಪ್ಪಿಕೊಳ್ಳುವ ಮನುಷ್ಯನಿಂದ ಯಾರಿಗೂ ತೊಂದರೆಯಿಲ್ಲ. ಅವನು ಕೈಸನ್ನೆ ಮಾಡುತ್ತಾನೆ, ಎರಡು ಸಲ ಕೇಳುತ್ತಾನೆ, ಹೇಗೋ ಮನೆ ಮುಟ್ಟುತ್ತಾನೆ. ಹೆದರಬೇಕಾದದ್ದು ಭಾಷೆ ಬಂದೇಬಿಟ್ಟಿದೆ ಎಂದುಕೊಂಡವನಿಗೆ. ಎಂಬತ್ತರ ದಶಕದಲ್ಲಿ ಅಂಥವನೊಬ್ಬ ಪುಣೆಯ ಹಡಪಸರದ ಕಾರ್ಖಾನೆಯೊಂದರಲ್ಲಿ ಹಾಜರಿ ಗುಮಾಸ್ತನಾಗಿದ್ದ. ಅವನ ಸಂಬಳವನ್ನು ತಿಂಗಳು ತಿಂಗಳು ನಾನೇ ತೆಗೆದುಕೊಳ್ಳುತ್ತಿದ್ದುದರಿಂದ ಅವನ ವಿಷಯ ನನಗೆ ಚೆನ್ನಾಗಿ ಗೊತ್ತು.

ನಾನು ವಿಜಾಪುರದ ಕಡೆಯವನು. ಪುಣೆಗೆ ಬಂದ ಹೊಸತರಲ್ಲೇ ಮರಾಠಿ ಕಲಿಯಲು ಒಂದು ಉಪಾಯ ಕಂಡುಹಿಡಿದಿದ್ದೆ. ಕನ್ನಡ ಶಬ್ದದ ಬಾಲ ಕತ್ತರಿಸಿದರೆ ಮರಾಠಿಯಾಗುತ್ತದೆ. ರಾತ್ರಿ ಹೋಗಿ ರಾತ್ರ, ವೇಳೆ ಹೋಗಿ ವೇಳ, ಜಾತಿ ಹೋಗಿ ಜಾತ. ತುಪ್ಪವನ್ನು ಮಾತ್ರ ಕೊಂಚ ಎಳೆಯಬೇಕು, ತೂಪ ಆಗುತ್ತದೆ. ಉಪಾಯ ಕೈಕೊಟ್ಟದ್ದೂ ಉಂಟು. ಒಮ್ಮೆ ಸಂತೆಯಲ್ಲಿ ತರಕಾರಿ ಮಾರುವವಳ ಮುಂದೆ ನಿಂತು ಗತ್ತಿನಿಂದ "ಬದನೇಕಾಯ" ಎಂದೆ. ಅವಳು "ಕಾಯ?" ಎಂದಳು. ಕಾಯ ಎಂದರೆ ಮರಾಠಿಯಲ್ಲಿ 'ಏನು' ಎಂಬುದು ಆ ಕ್ಷಣಕ್ಕೆ ಮರೆತುಹೋಗಿ, "ಹಾಂ, ಕಾಯ" ಎಂದೆ. ಅವಳು "ಕಾಯ ಕಾಯ?" ಎಂದಳು. ನನ್ನ ಹೆಂಡತಿ ಕಮಲಾ ಒಂದು ಬದನೆಕಾಯಿ ಎತ್ತಿ ತೋರಿಸದಿದ್ದರೆ ನಾವಿಬ್ಬರೂ ಈಗಲೂ ಅಲ್ಲೇ ಇರುತ್ತಿದ್ದೆವು. ಆದರೂ ಮನೆಯಲ್ಲಿ ಮರಾಠಿಯ ಅಧಿಕಾರ ನನ್ನದೇ ಆಗಿತ್ತು.

ಆ ಅಧಿಕಾರ ಡಾಕ್ಟರರ ಕೋಣೆಯವರೆಗೂ ಹೋದದ್ದು ಗೌರಿಯ ಕಾಯಿಲೆಯಿಂದ. ನಮ್ಮ ಒಬ್ಬಳೇ ಮಗಳಿಗೆ ಪುಟ್ಟ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂದಿತ್ತು. ದೊಡ್ಡವರಿಗೆ ಬರುವಂಥದ್ದಲ್ಲ, ದಿನಾ ಇನ್ಸುಲಿನ್ ಚುಚ್ಚಿಸಿಕೊಂಡೇ ಬದುಕಬೇಕಾದದ್ದು. ಬೆಳಿಗ್ಗೆ ಗಾಜಿನ ಸಿರಿಂಜು ಕುದಿಸಿ ಕಮಲಾ ಅವಳ ತೊಡೆಗೆ ಚುಚ್ಚುತ್ತಿದ್ದಳು. ಸರಿಯಾಗಿ ಆ ಹೊತ್ತಿಗೆ ನನಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು. ಗೌರಿಗಿಲ್ಲದ ಹೆದರಿಕೆ ನನಗಿತ್ತು. ಚುಚ್ಚಿದ ಮೇಲೆ ಅವಳು ಒಂದು ಬಟ್ಟಲು ಜೋಳದ ನುಚ್ಚಿನ ಗಂಜಿ ಕುಡಿದು ಸಾಲೆಗೆ ಹೊರಡುತ್ತಿದ್ದಳು.

ಒಮ್ಮೆ ತಪಾಸಣೆಗೆ ಹೋದಾಗ ತಾಯಿ ಮಗಳನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ನಾನೊಬ್ಬನೇ ಒಳಗೆ ಹೋದೆ. ಡಾಕ್ಟರರು ಅಂದು ಬಹಳ ಉತ್ಸಾಹದಲ್ಲಿದ್ದರು. ಏನೋ ಹೊಸ ಸಂಶೋಧನೆಯ ವಿಷಯ ಓದಿದ್ದರಂತೆ. ಇಲಿಗಳು, ವಿಟಮಿನ್ನು, ಶರೀರ ಎಂದು ತುಂಬ ಹೊತ್ತು ಮರಾಠಿಯಲ್ಲಿ ಹೇಳಿದರು. ತಲೆಯಾಡಿಸುವುದರಲ್ಲೇ ಮುಳುಗಿದ್ದ ನನಗೆ ಅರ್ಧ ಕೇಳಿಸಲಿಲ್ಲ, ಉಳಿದರ್ಧ ತಿಳಿಯಲಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಗಿ ಕಿವಿಗೆ ಬಿತ್ತು: "ಆತ ಗಂಜ ಚಢತೋ, ತೋ ಥಾಂಬವಾಯಚಾ." ಒಳಗೆ ಗಂಜ ಏರುತ್ತದೆ, ಅದನ್ನು ನಿಲ್ಲಿಸಬೇಕು. ಗಂಜ ಎಂದರೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಲ ಕತ್ತರಿಸಿದ ಗಂಜಿ.

"ನಾಳಿಂದ ಗಂಜಿ ಬಂದ್," ಎಂದು ಮನೆಗೆ ಬಂದೊಡನೆ ಸಾರಿದೆ.

"ಡಾಕ್ಟರ್ ಹಂಗಂದ್ರೇನ್ರಿ?" ಎಂದಳು ಕಮಲಾ. "ಹೋದ ಸಲ ಅವರೇ ಗಂಜಿ ಛಲೋ ಅಂದಿದ್ರಲ್ಲ."

"ಈಗ ಹೊಸಾ ಸಂಶೋಧನ ಬಂದದ. ಇಲಿಗೋಳ ಮ್ಯಾಲೆ ಮಾಡಿ ನೋಡ್ಯಾರ."

"ಇಲಿ ಗಂಜಿ ಕುಡೀತಾವ?"

ಉತ್ತರವಿಲ್ಲದಾಗ ಗಂಡಂದಿರು ಮಾಡುವಂತೆ ನಾನೂ ದನಿ ಏರಿಸಿದೆ. "ನಿನಗ ಮರಾಠಿ ಬರ್ತದೇನು? ಮಜ್ಜಿಗಿ ಕೊಡು, ಸಾಕು."

ಮರುದಿನ ಬೆಳಿಗ್ಗೆ ಚುಚ್ಚಿದ್ದೂ ಆಯಿತು, ಗೌರಿ ನೀರು ಮಜ್ಜಿಗೆ ಕುಡಿದದ್ದೂ ಆಯಿತು. ಕಮಲಾ ಜಡೆ ಹಾಕುತ್ತಿದ್ದಾಗ ಹುಡುಗಿಯ ಹಣೆಯ ಮೇಲೆ ಬೆವರು ಒಡೆಯಿತು. ಕೈ ನಡುಗತೊಡಗಿತು. ಕೇಳಿದ್ದಕ್ಕೆ ಏನೋ ತೊದಲಿದಳು. ಇನ್ಸುಲಿನ್ ಒಳಗಿಳಿದಿತ್ತು, ಹೊಟ್ಟೆಯಲ್ಲಿ ಗಂಜಿಯಿರಲಿಲ್ಲ, ರಕ್ತದಲ್ಲಿನ ಸಕ್ಕರೆ ತೀರ ಕುಸಿದಿತ್ತು. ಕಮಲಾ ಎದ್ದು ಸಕ್ಕರೆ ಡಬ್ಬಿ ತಂದು, ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ನಾನು ರಿಕ್ಷಾ ತರಲೆಂದು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತ ಮನೆಯೊಳಗೇ ಸುತ್ತುತ್ತಿದ್ದೆ. ಅದು ನನ್ನ ಕೈಯಲ್ಲೇ ಇತ್ತು. ಈ ಬರಹದಲ್ಲಿ ನಗಲಿಕ್ಕೆ ಬೇಕಾದಷ್ಟಿದೆ, ಆದರೆ ಅಂದಿನ ಭಯವನ್ನು ತಮಾಷೆ ಮಾಡಲು ನನಗೆ ಇಂದಿಗೂ ಆಗುವುದಿಲ್ಲ. ಮಗಳು ಕೈಬಿಟ್ಟು ಹೋಗುತ್ತಾಳೆ ಎಂದೇ ಅನ್ನಿಸಿತ್ತು.

ಸ್ವಲ್ಪ ಹೊತ್ತಿಗೆ ಅವಳ ಮುಖಕ್ಕೆ ಬಣ್ಣ ಮರಳಿತು. ತಾಯಿಯ ತೊಡೆಯ ಮೇಲೆ ಮಲಗಿಕೊಂಡೇ ಕೇಳಿದಳು: "ಅಪ್ಪಾ, ಗಂಜಿ ಯಾಕ ಬಂದ್ ಮಾಡ್ದಿ?"

ಡಾಕ್ಟರರ ಮಾತನ್ನು ಮರಾಠಿಯಲ್ಲೇ ಒಪ್ಪಿಸಿದೆ. ಗೌರಿ ಓದುತ್ತಿದ್ದುದು ಮರಾಠಿ ಸಾಲೆಯಲ್ಲಿ. ಅವಳು ನನ್ನನ್ನೇ ನೋಡಿದಳು, ಆಮೇಲೆ ಬಿಕ್ಕಳಿಕೆ ಬರುವಷ್ಟು ನಕ್ಕಳು. "ಗಂಜ ಅಂದ್ರ ತುಕ್ಕು, ಅಪ್ಪಾ. ನಮ್ಮ ಸಾಲಿ ಗೇಟಿಗೆ ಹಿಡದದಲ್ಲ, ಅದು. ಗಂಜಿಗೆ ಪೇಜ ಅಂತಾರ."

ಕಮಲಾ ಎದ್ದು ಒಲೆಯ ಮೇಲೆ ಗಂಜಿಗಿಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಂದೇ ಮೂವರೂ ಡಾಕ್ಟರರಲ್ಲಿಗೆ ಹೋದೆವು. ನಡೆದದ್ದನ್ನು ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಈ ಸಲ ತಾಯಿ ಮಗಳಿಗೇ ವಿವರಿಸಿದರು. ಶರೀರದ ಕಾವಲುಗಾರರೇ ತಪ್ಪು ತಿಳಿದು ಇನ್ಸುಲಿನ್ ಮಾಡುವ ಜೀವಕೋಶಗಳ ಮೇಲೆ ಬೀಳುತ್ತಾರೆ, ಆ ಹೊಡೆದಾಟದಲ್ಲಿ ಕೋಶಗಳಿಗೆ ಒಂದು ಬಗೆಯ ತುಕ್ಕು ಹಿಡಿಯುತ್ತದೆ. ಆ ತುಕ್ಕನ್ನು ತಡೆಯುವ ಕೆಲವು ವಸ್ತುಗಳನ್ನು ಇಲಿಗಳಿಗೆ ಕೊಟ್ಟು ನೋಡುತ್ತಿದ್ದಾರೆ, ಕೆಲವು ವಿಟಮಿನ್ನುಗಳೂ ಅದರಲ್ಲಿವೆ. ಮುಂದೊಂದು ದಿನ ಮಕ್ಕಳಿಗೂ ಉಪಯೋಗವಾಗಬಹುದು, ಆಗದೆಯೂ ಇರಬಹುದು. ಅಲ್ಲಿಯವರೆಗೆ ಸೂಜಿಯನ್ನೂ ಊಟವನ್ನೂ ಬಿಡುವಂತಿಲ್ಲ. ಗೌರಿ ಒಂದೊಂದನ್ನೂ ತಾಯಿಗೆ ಕನ್ನಡದಲ್ಲಿ ಹೇಳಿದಳು. ಆಮೇಲೆ ಡಾಕ್ಟರರು ನನ್ನತ್ತ ತಿರುಗಿ, ಇನ್ನು ಮೇಲೆ ತಾವು ಹೊರಗೆ ಕುಳಿತರೆ ಅನುಕೂಲ ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಅಂದಿನಿಂದ ಹೊರಗಿನ ಬೆಂಚು ನನ್ನದಾಯಿತು. ಮುಂದಿನ ತಪಾಸಣೆಯ ದಿನ ಪಕ್ಕದಲ್ಲಿ ಮರಾಠಿ ಗೃಹಸ್ಥರೊಬ್ಬರು ಕುಳಿತಿದ್ದರು. ಅವರ ಮಗನಿಗೂ ಇದೇ ಕಾಯಿಲೆಯಂತೆ. ನಾನು ಹಳಬನೆಂದು ತಿಳಿದು ಬಗ್ಗಿ ಮೆಲ್ಲಗೆ ಕೇಳಿದರು: ಅದೇನೋ ಇಲಿಗಳಿಗೆ ಹೊಸ ಔಷಧಿ ಬಂದಿದೆಯಂತಲ್ಲ, ಅದನ್ನು ತಂದು ಹುಡುಗನ ಸೂಜಿ ನಿಲ್ಲಿಸಬಹುದೇ? ತುಕ್ಕು, ಕೋಶ, ಕಾವಲುಗಾರರು ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಇಷ್ಟು ಒಳ್ಳೆಯ ಅವಕಾಶ ಮತ್ತೆ ಸಿಗುವುದಿತ್ತೇ? ಗೌರಿಯ ಹಣೆಯ ಬೆವರು ನೆನಪಾಯಿತು.

"ಮಲಾ ಮಾಹೀತ ನಾಹೀ," ಎಂದೆ. ನನಗೆ ಗೊತ್ತಿಲ್ಲ. "ಸೂಜಿ ಮಾತ್ರ ನಿಲ್ಲಿಸಬೇಡಿ, ಡಾಕ್ಟರರನ್ನೇ ಕೇಳಿ" ಎಂಬುದನ್ನೂ ಹೇಗೋ ಸೇರಿಸಿದೆ.

ಅವರು ಸಮಾಧಾನದಿಂದ ತಲೆಯಾಡಿಸಿ, ಕನ್ನಡದವರಾಗಿಯೂ ನಿಮ್ಮ ಮರಾಠಿ ಬಹಳ ಸ್ವಚ್ಛವಾಗಿದೆ ಎಂದರು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ನನಗೆ ಹೇಳಿದವರು ಅವರೊಬ್ಬರೇ.